ಸರತಿಯಲ್ಲಿ ನಿಂತ ಹಣ

ಸಾಲಿನಲ್ಲಿ ನಿಲ್ಲುವ ವಿದ್ಯೆಯಲ್ಲಿ ನಾನು ಯಾರಿಗೂ ಕಡಿಮೆಯವನಲ್ಲ. ನ್ಯಾಯಬೆಲೆ ಅಂಗಡಿಯ ಮುಂದೆ ಅವ್ವನ ಚೀಲ ಹಿಡಿದು ನಿಂತಿದ್ದೇನೆ. ಬಸ್ಸಿನ ಪಾಸಿಗಾಗಿ ಜಡಿಮಳೆಯಲ್ಲಿ ನಿಂತಿದ್ದೇನೆ. ವಿದ್ಯಾರ್ಥಿವೇತನದ ಅರ್ಜಿಗೆ ಮೊಹರು ಹಾಕಿಸಿಕೊಳ್ಳಲು ಕಿಟಕಿಯ ಮುಂದೆ ನಿಂತಿದ್ದೇನೆ. ಹಾಸ್ಟೆಲಿನ ಬಚ್ಚಲ ಮುಂದೆ ಹೆಗಲಿಗೆ ಟವೆಲು ಹಾಕಿಕೊಂಡು ನಿಂತದ್ದಕ್ಕಂತೂ ಲೆಕ್ಕವೇ ಇಲ್ಲ. ಈ ಸಾಲುಗಳಲ್ಲಿ ಒಂದು ಸಮಾಧಾನವುಂಟು. ಮುಂದಿರುವವನ ಬೆನ್ನು ಕಣ್ಣಿಗೆ ಕಾಣುತ್ತದೆ. ಹಿಂದಿರುವವನ ಗೊಣಗಾಟ ಕಿವಿಗೆ ಬೀಳುತ್ತದೆ. ಯಾರಾದರೂ ನಡುವೆ ನುಗ್ಗಿದರೆ ಜಗಳವಾಡುವ ಹಕ್ಕಾದರೂ ನಮ್ಮದಾಗಿರುತ್ತದೆ. ಇವು ಒಂದೂ ಇಲ್ಲದ ಸಾಲಿನಲ್ಲಿ ನಾನು ನಿಂತದ್ದು 2024ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ. ನಿಜ ಹೇಳಬೇಕೆಂದರೆ ನಿಂತದ್ದು ನಾನಲ್ಲ, ನನ್ನ ಹಣ. ನಾನು ಹಾಸ್ಟೆಲಿನ ಮಂಚದ ಮೇಲೆ ಕುಳಿತು ಮೊಬೈಲಿನ ಗಾಜನ್ನು ನೋಡುತ್ತಿದ್ದೆ, ಅಷ್ಟೆ.

ಆ ಹಣ ಬಿಟ್‌ಕಾಯಿನ್ ಎಂಬ ಹಣ. ಕನ್ನಡವನ್ನು ಐಚ್ಛಿಕವಾಗಿ ಓದುವ ಕಲಾ ವಿಭಾಗದ ವಿದ್ಯಾರ್ಥಿಗೆ ಇದರ ಸಹವಾಸ ಹೇಗೆ ಬಂತೆಂದು ವಾಚಕರು ಹುಬ್ಬೇರಿಸುವುದು ಸಹಜ. ದುರಾಸೆಯಿಂದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನಾನು ಪ್ರಥಮ ವರ್ಷದಲ್ಲಿದ್ದಾಗ ಒಂದು ಕೆಲಸ ಸಿಕ್ಕಿತು. ಯಾರೋ ಮಾತನಾಡಿದ ಕನ್ನಡವನ್ನು ಕಿವಿಯಿಟ್ಟು ಕೇಳಿ ಅಕ್ಷರಕ್ಕಿಳಿಸುವುದು. ಕೆಲಸ ಕೊಟ್ಟವರು ವಿದೇಶದವರು. ಸಣ್ಣ ಮೊತ್ತವನ್ನು ಬ್ಯಾಂಕಿನ ಮೂಲಕ ಸಮುದ್ರ ದಾಟಿಸಿದರೆ ಶುಲ್ಕವೇ ಅದರಲ್ಲಿ ದೊಡ್ಡ ಪಾಲನ್ನು ತಿನ್ನುತ್ತದೆಂದು ಅವರು ನನ್ನಂಥ ಹಲವರಿಗೆ ಒಟ್ಟಿಗೆ ಬಿಟ್‌ಕಾಯಿನ್‌ನಲ್ಲಿ ಕೂಲಿ ಹಂಚುತ್ತಿದ್ದರು. ಜನವರಿಯಿಂದ ಏಪ್ರಿಲ್‌ವರೆಗೆ ನನಗೆ ಆರು ಸಲ ಹಣ ಬಂದಿತ್ತು. ಒಂದು ಬಿಟ್‌ಕಾಯಿನ್ನನ್ನು ಹತ್ತು ಕೋಟಿ ಪಾಲು ಮಾಡಿದರೆ ಒಂದು ಪಾಲಿಗೆ ಸತೋಶಿ ಎಂದು ಹೆಸರು. ನನ್ನ ಒಂದೊಂದು ಕಂತೂ ಸುಮಾರು 34 ಸಾವಿರ ಸತೋಶಿ. ಆರೂ ಸೇರಿ 2 ಲಕ್ಷ 6 ಸಾವಿರ. ಲಕ್ಷದ ಮಾತು ಕೇಳಿ ಯಾರೂ ಬೆಚ್ಚಬೇಕಾಗಿಲ್ಲ. ಅಂದಿನ ಬೆಲೆಯಲ್ಲಿ ನಮ್ಮ ರೂಪಾಯಿಗೆ ಅದು ಸುಮಾರು 11 ಸಾವಿರ.

ಹನ್ನೊಂದು ಸಾವಿರ ಕೆಲವರಿಗೆ ಒಂದು ಮೊಬೈಲಿನ ಬೆಲೆಯೂ ಅಲ್ಲ. ನನಗೆ ಮಾತ್ರ ಅದು ಅವ್ವನ ಬೆಂಡೋಲೆಯ ಬೆಲೆಯಾಗಿತ್ತು. ನಾನು ಕಾಲೇಜು ಸೇರಿದಾಗ ಹಾಸ್ಟೆಲು, ಬಟ್ಟೆ, ಪುಸ್ತಕ ಎಂದು ಹಣ ಬೇಕಾಗಿ, ಅವ್ವ ತನ್ನ ಬೆಂಡೋಲೆಯನ್ನು ಊರಿನ ಸಹಕಾರ ಸಂಘದಲ್ಲಿ ಒತ್ತೆಯಿಟ್ಟಿದ್ದಳು. ಬರಿಯ ಕಿವಿ ಮುಚ್ಚಿಹೋಗಬಾರದೆಂದು ತೂತಿಗೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದಳು. ಅಸಲು ಬಡ್ಡಿ ಸೇರಿ 10,300 ರೂಪಾಯಿ ಕಟ್ಟಿದರೆ ಓಲೆ ಕೈಗೆ ಬರುತ್ತಿತ್ತು. ಏಪ್ರಿಲ್ 24 ಬುಧವಾರ ಅಕ್ಕನ ಸೀಮಂತ. ಬೀಗರ ಮನೆಯವರೆಲ್ಲ ಬರುವ ದಿನ. “ಆ ಹೊತ್ತಿಗೆ ನಿನ್ನ ಓಲೆ ನಿನ್ನ ಕಿವಿಯಲ್ಲಿರುತ್ತವೆ, ನೋಡ್ತಿರವ್ವ” ಎಂದು ನಾನು ಯುಗಾದಿಗೆ ಊರಿಗೆ ಹೋದಾಗ ಜಂಬದಿಂದ ಮಾತು ಕೊಟ್ಟು ಬಂದಿದ್ದೆ.

ಮಾತು ಕೊಟ್ಟ ಧೈರ್ಯಕ್ಕೆ ಕಾರಣವಿತ್ತು. ಬಿಟ್‌ಕಾಯಿನ್ ಹತ್ತು ನಿಮಿಷದಲ್ಲಿ ಎಲ್ಲಿಂದೆಲ್ಲಿಗೆ ಬೇಕಾದರೂ ಹೋಗುತ್ತದೆಂದು ನಾನು ಓದಿದ್ದೆ. ಓದಿದ್ದು ಸುಳ್ಳಲ್ಲ, ಆದರೆ ಪೂರ್ತಿ ಓದಿರಲಿಲ್ಲ. ಆ ಪೂರ್ತಿ ಭಾಗವನ್ನು ನಾನು ತಿಳಿದುಕೊಂಡ ಮಟ್ಟಿಗೆ ಇಲ್ಲಿ ಹೇಳಬೇಕು. ಇಲ್ಲದಿದ್ದರೆ ನನ್ನ ಪಾಡು ವಾಚಕರಿಗೆ ಅರ್ಥವಾಗದು.

ಬಿಟ್‌ಕಾಯಿನ್ ಎಂದರೆ ಮೂಲತಃ ಒಂದು ಖಾತೆಯ ಪುಸ್ತಕ. ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಯಾರೋ 2008ರ ಅಕ್ಟೋಬರ್ 31ರಂದು ಅದರ ಯೋಜನೆಯನ್ನು ಪ್ರಕಟಿಸಿದರು. 2009ರ ಜನವರಿ 3ರಂದು ಅದರ ಮೊದಲನೆಯ ಪುಟ ಹುಟ್ಟಿತು. ಈ ಪುಸ್ತಕವನ್ನು ಬರೆಯುವುದಕ್ಕೆ ಒಬ್ಬ ಶಾನುಭೋಗನಿಲ್ಲ. ಪ್ರಪಂಚದ ಸಾವಿರಾರು ಯಂತ್ರಗಳಲ್ಲಿ ಅದರ ಪ್ರತಿಗಳಿವೆ. ಸರಾಸರಿ ಹತ್ತು ನಿಮಿಷಕ್ಕೊಂದು ಪುಟ ಹೊಸದಾಗಿ ಸೇರುತ್ತದೆ. ಆ ಪುಟಕ್ಕೆ ಬ್ಲಾಕ್ ಎನ್ನುತ್ತಾರೆ, ಪುಟ ಸೇರಿಸುವವರಿಗೆ ಮೈನರ್ ಎನ್ನುತ್ತಾರೆ. ಪುಟದ ಅಳತೆಗೆ ಕಟ್ಟುನಿಟ್ಟಾದ ಮಿತಿಯುಂಟು. ಒಂದು ಪುಟದಲ್ಲಿ ಎರಡು ಮೂರು ಸಾವಿರ, ಹೆಚ್ಚೆಂದರೆ ಇನ್ನೂ ಸ್ವಲ್ಪ ಹೆಚ್ಚು ಚೀಟಿಗಳು ಹಿಡಿಯುತ್ತವೆ. ಸೆಕೆಂಡಿಗೆ ಏಳು ವ್ಯವಹಾರವಾದರೆ ಅದೇ ಹೆಚ್ಚು ಎಂಬುದು ಬಲ್ಲವರ ಲೆಕ್ಕ. ಇಡೀ ಭೂಮಂಡಲಕ್ಕೆ ಸೆಕೆಂಡಿಗೆ ಏಳು! ಪುಟದಲ್ಲಿ ಜಾಗ ಸಿಗದ ಚೀಟಿಗಳು ಹೊರಗಿನ ಜಗಲಿಯ ಮೇಲೆ ಕಾಯುತ್ತವೆ. ಆ ಜಗಲಿಗೆ ಮೆಂಪೂಲ್ ಎಂದು ಹೆಸರು.

ನಮ್ಮೂರಿನಲ್ಲಿ ಒಂದೇ ಒಂದು ಹಿಟ್ಟಿನ ಗಿರಣಿಯಿದೆ. ಹಬ್ಬದ ಹಿಂದಿನ ದಿನ ಅದರ ಮುಂದೆ ಡಬ್ಬಗಳ ಸಾಲು ರಸ್ತೆಯವರೆಗೂ ಬಂದಿರುತ್ತದೆ. ಗಿರಣಿಯವನು ಮೊದಲು ಬಂದ ಡಬ್ಬವನ್ನು ಮೊದಲು ಸುರಿಯುತ್ತಾನೆ. ಒಂದು ವೇಳೆ ಅವನು, “ಸೇರಿಗೆ ಯಾರು ಹೆಚ್ಚು ಕೂಲಿ ಕೊಡುತ್ತೀರೋ ಅವರ ಡಬ್ಬ ಮೊದಲು” ಎಂದರೆ ಹೇಗಿರುತ್ತದೆ? ಬಿಟ್‌ಕಾಯಿನ್‌ನ ಜಗಲಿಯ ಮೇಲೆ ನಡೆಯುವುದು ಇದೇ. ಅಲ್ಲಿ ಮುಂಚೆ ಬಂದವನು, ತಡವಾಗಿ ಬಂದವನು ಎಂಬ ಭೇದವಿಲ್ಲ. ಚೀಟಿಯ ತೂಕವನ್ನು ಬೈಟು ಎಂಬ ಅಳತೆಯಲ್ಲಿ ನೋಡಿ, ಬೈಟೊಂದಕ್ಕೆ ಯಾರು ಹೆಚ್ಚು ಸತೋಶಿ ಕೊಡುವರೋ ಅವರನ್ನು ಮೈನರು ಮೊದಲು ಒಳಗೆ ಕರೆಯುತ್ತಾನೆ.

ಇನ್ನೊಂದು ಸೋಜಿಗವುಂಟು. ನಮ್ಮಜ್ಜನ ಕಾಲದ ಮನಿಯಾರ್ಡರಿನಲ್ಲಿ ಹೆಚ್ಚು ಹಣ ಕಳುಹಿಸುವವನು ಹೆಚ್ಚು ಕಮಿಷನ್ ಕೊಡುತ್ತಿದ್ದ. ಇಲ್ಲಿ ಹಣದ ಮೊತ್ತಕ್ಕೂ ಕೂಲಿಗೂ ಸಂಬಂಧವೇ ಇಲ್ಲ. ತೂಕ ನೋಡುವುದು ಚೀಟಿಯದು. ಚೀಟಿಯ ತೂಕ ಹೆಚ್ಚುವುದು ಅದರಲ್ಲಿ ಎಷ್ಟು ಹಳೆಯ ಕಂತುಗಳನ್ನು ಜೋಡಿಸಿದ್ದೇವೆ ಎಂಬುದರಿಂದ. ಕೋಟಿ ರೂಪಾಯಿಯನ್ನು ಒಂದೇ ಕಂತಿನಲ್ಲಿ ಪಡೆದ ಧನಿಕನು ಅದನ್ನು ಕಳುಹಿಸಿದರೆ ಅವನ ಚೀಟಿ ಸುಮಾರು 140 ಬೈಟು ತೂಗಬಹುದು. ಚಿಲ್ಲರೆ ಚಿಲ್ಲರೆಯಾಗಿ ಆರು ಕಂತಿನಲ್ಲಿ ಪಡೆದ ನನ್ನ ಚೀಟಿ ತೂಗಿದ್ದು ಸುಮಾರು 450 ಬೈಟು. ಬಡವನ ಗಂಟಿಗೆ ಗಂಟುಗಳೇ ಹೆಚ್ಚು!

ಏಪ್ರಿಲ್ 19 ಶುಕ್ರವಾರ ರಾತ್ರಿ ಊಟ ಮುಗಿಸಿ, ನನ್ನ ಆರು ಕಂತುಗಳನ್ನೂ ಒಟ್ಟುಗೂಡಿಸಿ ಅವನ್ನು ರೂಪಾಯಿಗೆ ಮಾರಿಕೊಡುವ ಒಂದು ಎಕ್ಸ್‌ಚೇಂಜಿನ ವಿಳಾಸಕ್ಕೆ ಕಳುಹಿಸಲು ಕುಳಿತೆ. ಶನಿವಾರ ಮಾರಾಟ, ಸೋಮವಾರ ಬ್ಯಾಂಕಿನಲ್ಲಿ ರೂಪಾಯಿ, ಮಂಗಳವಾರ ಸಂಘದ ಬಾಗಿಲು, ಬುಧವಾರ ಸೀಮಂತ. ಇದು ನನ್ನ ಲೆಕ್ಕ. ಸಾಧಾರಣ ದರ ಹಾಕಿದರೆ ಕೂಲಿಯೇ ಸಾವಿರ ರೂಪಾಯಿಯಾಗುತ್ತಿತ್ತು. ಸಾವಿರ ಕಳೆದರೆ ಓಲೆಗೆ ಸಾಲದು. ಆದುದರಿಂದ ಬೈಟಿಗೆ 15 ಸತೋಶಿ ಎಂದು ನಾನೇ ಬರೆದೆ. ಮುನ್ನೂರ ಅರವತ್ತು ರೂಪಾಯಿಯಲ್ಲಿ ಮುಗಿಯಿತು.

ಪಕ್ಕದ ಮಂಚದಲ್ಲಿದ್ದ ನನ್ನ ಕೊಠಡಿಯ ಸಂಗಾತಿ ವಾಣಿಜ್ಯ ಓದುವವನು. ಇಣುಕಿ ನೋಡಿ, “ಏನೋ ಇದು, ಇಷ್ಟು ಕಡಿಮೆ ಹಾಕಿದ್ದೀಯ? ನಾಳೆ ಬೆಳಗ್ಗೆ ಹಾಲ್ವಿಂಗ್ ಕಣೋ. ರಶ್ ಆಗುತ್ತೆ ಅಂತ ಎಲ್ಲ ಕಡೆ ಬರೀತಿದ್ದಾರೆ” ಎಂದ.

“ಜಾತ್ರೆ ಇರೋದು ಅವರಿಗೆ. ನನ್ನ ಚೀಟಿ ಅಷ್ಟರೊಳಗೆ ಹೋಗಿರುತ್ತೆ ಬಿಡೋ” ಎಂದು ನಾನು ದೀಪ ಆರಿಸಿದೆ.

ಹಾಲ್ವಿಂಗ್ ಎಂಬುದನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಪುಟ ಸೇರಿಸಿದ ಮೈನರಿಗೆ ಹೊಸದಾಗಿ ಹುಟ್ಟುವ ಬಿಟ್‌ಕಾಯಿನ್ ಬಹುಮಾನವಾಗಿ ದೊರೆಯುತ್ತದೆ. 2 ಲಕ್ಷ 10 ಸಾವಿರ ಪುಟಗಳಿಗೊಮ್ಮೆ ಆ ಬಹುಮಾನ ಅರ್ಧಕ್ಕಿಳಿಯಬೇಕೆಂಬುದು ಅದರ ಕಟ್ಟಳೆ. ಆ ವರ್ಷ 6.25 ಇದ್ದದ್ದು 3.125ಕ್ಕೆ ಇಳಿಯಬೇಕಾದದ್ದು 8,40,000ನೆಯ ಬ್ಲಾಕಿನಲ್ಲಿ. ನಮ್ಮ ಗಡಿಯಾರದಂತೆ 20ನೆಯ ತಾರೀಖು ಶನಿವಾರ ಬೆಳಗಿನ ಜಾವ 5 ಗಂಟೆ 39 ನಿಮಿಷಕ್ಕೆ ಆ ಬ್ಲಾಕು ಬಂತು. ಅದೇ ಬ್ಲಾಕಿನಿಂದ, ಕೇಸಿ ರೋಡರ್ಮರ್ ಎಂಬವರು ರೂಪಿಸಿದ ರೂನ್ಸ್ ಎಂಬ ಹೊಸ ಪದ್ಧತಿಯೂ ಆರಂಭವಾಯಿತು. ಅದರಂತೆ ಬಿಟ್‌ಕಾಯಿನ್‌ನ ಪುಸ್ತಕದಲ್ಲಿಯೇ ತಮಗಿಷ್ಟವಾದ ಹೆಸರಿನ ಬೇರೆ ನಾಣ್ಯಗಳನ್ನು ದಾಖಲು ಮಾಡಬಹುದು. ಒಳ್ಳೆಯ ಹೆಸರು ತನಗೇ ಸಿಗಲೆಂದು ಜನ ಮುಗಿಬಿದ್ದರು. ಆ ಒಂದೇ ಪುಟದಲ್ಲಿ ಸೇರಿದ ಕೂಲಿ 37 ಬಿಟ್‌ಕಾಯಿನ್‌ಗೂ ಮೇಲೆ. ಡಾಲರಿನಲ್ಲಿ ಸುಮಾರು 24 ಲಕ್ಷ. ಆ ದಿನ ಒಂದು ವ್ಯವಹಾರದ ಸರಾಸರಿ ಕೂಲಿ 100 ಡಾಲರನ್ನು ದಾಟಿತ್ತು.

ನಾನೆದ್ದಾಗ ಏಳು ಗಂಟೆ. ಮೊಬೈಲಿನಲ್ಲಿ ನನ್ನ ಚೀಟಿಯ ಪಕ್ಕದಲ್ಲಿ “ಕಾಯುತ್ತಿದೆ” ಎಂಬರ್ಥದ ಒಂದು ಸಣ್ಣ ಗುರುತು. ಬೇಗ ಹೋಗಬೇಕಾದರೆ ಎಷ್ಟು ಕೊಡಬೇಕೆಂದು ನೋಡಿದೆ. ಬೈಟೊಂದಕ್ಕೆ ಸಾವಿರ ಸತೋಶಿಗೂ ಮೇಲೆ! ನನ್ನ ಚೀಟಿ 450 ಬೈಟು. ಸಾವಿರದಂತೆ ಲೆಕ್ಕ ಹಾಕಿದರೂ 4 ಲಕ್ಷ 50 ಸಾವಿರ ಸತೋಶಿ, ಎಂದರೆ 24 ಸಾವಿರ ರೂಪಾಯಿ. ನನ್ನಲ್ಲಿದ್ದದ್ದು ಹನ್ನೊಂದು ಸಾವಿರ. ನನ್ನ ಹಣ ಕದಲಬೇಕಾದರೆ ನನ್ನ ಹಣದ ಎರಡರಷ್ಟಕ್ಕಿಂತಲೂ ಹೆಚ್ಚು ಹಣ ಬೇಕು. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆ; ಅದರ ಭಾರ ಎಷ್ಟೆಂದು ತಿಳಿದದ್ದು ಅಂದು.

ಮುಂದಿನ ಎರಡು ದಿನ ನಾನು ಮಾಡಿದ ಪಾಠ ಪರೀಕ್ಷೆಗೆ ಮಾಡಿದ್ದರೆ ರ‍್ಯಾಂಕು ಬರುತ್ತಿತ್ತೋ ಏನೋ. ಸಿಕ್ಕಿಕೊಂಡ ಚೀಟಿಯನ್ನು ಬಿಡಿಸಲು ಎರಡು ದಾರಿಗಳಿವೆಯೆಂದು ತಿಳಿಯಿತು. ಮೊದಲನೆಯದು, ಅದೇ ಚೀಟಿಯನ್ನು ಹೆಚ್ಚು ಕೂಲಿಯೊಡನೆ ಮತ್ತೆ ಬರೆದು ಕಳುಹಿಸುವುದು. ಮೈನರು ಹಳೆಯದನ್ನು ಬಿಟ್ಟು ಹೊಸದನ್ನು ಎತ್ತಿಕೊಳ್ಳುತ್ತಾನೆ. ಎರಡನೆಯದು, ತಲುಪಬೇಕಾದವನೇ, ಇನ್ನೂ ತಲುಪದ ಆ ಹಣವನ್ನು ಖರ್ಚುಮಾಡುವ ಮರಿಚೀಟಿಯೊಂದನ್ನು ಬರೆದು, ಅದಕ್ಕೆ ದಂಡಿಯಾಗಿ ಕೂಲಿ ಇಡುವುದು. ಮರಿಯ ಕೂಲಿಯ ಆಸೆಗೆ ಮೈನರು ತಾಯಿಯನ್ನೂ ಒಳಗೆ ಕರೆದುಕೊಳ್ಳಬೇಕಾಗುತ್ತದೆ. ಎರಡನೆಯ ದಾರಿ ನನಗೆ ಮುಚ್ಚಿತ್ತು. ಹಣವನ್ನೆಲ್ಲ ಎಕ್ಸ್‌ಚೇಂಜಿನ ವಿಳಾಸಕ್ಕೆ ಬರೆದಿದ್ದರಿಂದ ಮರಿಚೀಟಿ ಬರೆಯುವ ಅಧಿಕಾರ ನನ್ನದಾಗಿರಲಿಲ್ಲ. ಮೊದಲನೆಯ ದಾರಿ ತೆರೆದಿತ್ತು. ಆದರೆ ಅದರ ಸುಂಕ ತೆರಲು ನನ್ನ ಗಂಟೇ ಸಾಲದು. ಮೂರನೆಯ ದಾರಿಯೊಂದನ್ನು ಯಾವನೋ ಮಹಾಶಯನು ಮೊಬೈಲಿನಲ್ಲಿ ತಾನಾಗಿ ಬಂದು ತೋರಿಸಿದ. “ನಿಮ್ಮ ಗುಪ್ತಪದಗಳನ್ನು ಹನ್ನೆರಡನ್ನೂ ಕಳುಹಿಸಿದರೆ ಐದು ನಿಮಿಷದಲ್ಲಿ ಬಿಡಿಸಿಕೊಡುತ್ತೇನೆ.” ಆ ಪದಗಳೆಂದರೆ ಪೆಟ್ಟಿಗೆಯ ಬೀಗದ ಕೈ. ನಾನು ಎಷ್ಟು ಕಂಗೆಟ್ಟಿದ್ದೆನೆಂದರೆ, ಮೊದಲ ಎರಡು ಪದಗಳನ್ನು ಬರೆದೇಬಿಟ್ಟಿದ್ದೆ. ಸಂಗಾತಿ ಮೊಬೈಲನ್ನು ಕೈಯಿಂದ ಕಿತ್ತುಕೊಂಡ. ಆ ದಿನ ಅವನು ನನ್ನನ್ನು ಬೈದ ಮಾತುಗಳು ಕಾಲೇಜಿನ ಪತ್ರಿಕೆಯಲ್ಲಿ ಅಚ್ಚಾಗತಕ್ಕವಲ್ಲ.

ಸೋಮವಾರ ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರೊಬ್ಬರು ವರಾಂಡದಲ್ಲಿ ಸಿಕ್ಕಿದರು. ಚುನಾವಣೆಯ ಕಾಲ, 26ರಂದು ಮತದಾನ, ಅವರು ಯಾವುದೋ ತರಬೇತಿಗೆ ಹೊರಡುವ ಅವಸರದಲ್ಲಿದ್ದರು. ಆದರೂ ನನ್ನ ಮುಖ ನೋಡಿ ನಿಂತರು. ನಾನು ಎಲ್ಲವನ್ನೂ ಹೇಳಿ, “ಸಾರ್, ಕೋಟಿ ಇರೋನಿಗಿಂತ ಚಿಲ್ಲರೆ ಇರೋನಿಗೆ ಕೂಲಿ ಹೆಚ್ಚು. ಮುಂಚೆ ಬಂದೋನು ಹಿಂದೆ. ಇದು ಯಾವ ನ್ಯಾಯ?” ಎಂದೆ.

“ನ್ಯಾಯದ ಪ್ರಶ್ನೆ ಆಮೇಲೆ ಕೇಳಯ್ಯ. ಮೊದಲು ಜಾಗ ಎಷ್ಟಿದೆ ಕೇಳು. ಜಾಗ ಸ್ವಲ್ಪ, ಜನ ಬಹಳ. ಹಾಗಿರುವಾಗ ಹಂಚೋದಕ್ಕೆ ಎರಡು ದಾರಿ. ಒಂದು ಸರತಿ, ಇನ್ನೊಂದು ಬೆಲೆ. ರೇಷನ್ ಅಂಗಡೀಲಿ ಬೆಲೆ ಏರಿಸೋ ಹಾಗಿಲ್ಲ, ಅದಕ್ಕೇ ಸರತಿ. ಹರಾಜಿನಲ್ಲಿ ಸರತಿ ಇಲ್ಲ, ಅದಕ್ಕೇ ಬೆಲೆ. ನೀನು ಹೋಗಿರೋದು ಹರಾಜಿಗೆ. ಅದನ್ನ ಸರತಿ ಅಂತ ತಿಳಿದುಕೊಂಡು ನಿಂತಿದ್ದೀಯ.”

“ಬೆಲೆ ಕೊಡಲಾರದವನು ಏನು ಮಾಡಬೇಕು ಸಾರ್?”

“ಬೆಲೆಗೆ ಬದಲು ಕಾಲ ಕೊಡಬೇಕು. ಕಾಯಬೇಕು. ಈ ರಶ್ ಇಳಿಯುತ್ತೆ, ಇಳಿಯದೆ ಇರೋದಿಲ್ಲ” ಎಂದು ಬೆನ್ನು ತಟ್ಟಿ ಹೊರಟರು.

ಇಳಿಯುತ್ತದೆ ಎನ್ನುವುದಕ್ಕೆ ಚರಿತ್ರೆಯೂ ಸಾಕ್ಷಿಯಾಗಿತ್ತು. 2017ರ ಡಿಸೆಂಬರಿನಲ್ಲಿಯೂ ಹೀಗೆಯೇ ಆಗಿ, ಸರಾಸರಿ ಕೂಲಿ 50 ಡಾಲರು ದಾಟಿತ್ತು. ಕಂಪ್ಯೂಟರಿನ ಆಟಗಳನ್ನು ಮಾರುವ ಸ್ಟೀಮ್ ಎಂಬ ಅಂಗಡಿ ಆ ತಿಂಗಳ 6ರಂದು, ಕೂಲಿ ಅತಿಯಾಯಿತೆಂದು ಬಿಟ್‌ಕಾಯಿನ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಅದೇ ದಿನಗಳಲ್ಲಿ ಇಥೀರಿಯಮ್ ಎಂಬ ಇನ್ನೊಂದು ಜಾಲವನ್ನು ಕ್ರಿಪ್ಟೋಕಿಟ್ಟೀಸ್ ಎಂಬ ಬೆಕ್ಕಿನ ಮರಿಗಳ ಆಟ ಕಟ್ಟಿಹಾಕಿತ್ತು. ಚಿತ್ರದ ಬೆಕ್ಕುಗಳನ್ನು ಕೊಳ್ಳುವ ಜನರ ಗದ್ದಲದಲ್ಲಿ ಉಳಿದವರ ಹಣ ನಿಂತಲ್ಲೇ ನಿಂತಿತು. ಪುಟವನ್ನೇ ದೊಡ್ಡದು ಮಾಡಬಾರದೇಕೆ ಎಂದು ವಾಚಕರು ಕೇಳಬಹುದು. ನಾನೂ ಕೇಳಿದೆ. ಅದೇ ಪ್ರಶ್ನೆಯ ಮೇಲೆ ಬಿಟ್‌ಕಾಯಿನ್ ಮಂದಿಯಲ್ಲಿ ವರ್ಷಗಟ್ಟಲೆ ವ್ಯಾಜ್ಯ ನಡೆದಿದೆ. ಪುಟ ದೊಡ್ಡದಾದರೆ ಪುಸ್ತಕವೂ ಬೇಗ ಬೆಳೆಯುತ್ತದೆ. ಆಗ ಅದರ ಪ್ರತಿಯನ್ನು ಸಾಮಾನ್ಯರು ಮನೆಯಲ್ಲಿ ಇಟ್ಟುಕೊಳ್ಳಲಾರರು. ಕೊನೆಗೆ ಅದು ಕೆಲವೇ ಧನಿಕರ ಕೈಸೇರುತ್ತದೆ ಎಂದು ಒಂದು ಪಕ್ಷ. ಜಾಗವೇ ಇಲ್ಲದ ಪುಸ್ತಕದಿಂದ ಸಾಮಾನ್ಯರಿಗೆ ಏನು ಫಲ ಎಂದು ಇನ್ನೊಂದು ಪಕ್ಷ. 2017ರ ಆಗಸ್ಟ್ 1ರಂದು ಎರಡನೆಯ ಪಕ್ಷದವರು ಬೇರೆಯಾಗಿ ಬಿಟ್‌ಕಾಯಿನ್ ಕ್ಯಾಶ್ ಎಂಬುದನ್ನು ಮಾಡಿಕೊಂಡರು. ಅದೇ ತಿಂಗಳು ಮೂಲ ಜಾಲದಲ್ಲಿ ಸೆಗ್ವಿಟ್ ಎಂಬ ಸುಧಾರಣೆ ಜಾರಿಗೆ ಬಂದು ಪುಟದಲ್ಲಿ ಸ್ವಲ್ಪ ಹೆಚ್ಚು ಜಾಗವಾಯಿತು. ಎರಡು ಪಕ್ಷದವರೂ ಸಾಮಾನ್ಯನ ಹೆಸರನ್ನೇ ಹೇಳಿ ಜಗಳವಾಡಿದರೆಂಬುದು, ಸಾಮಾನ್ಯನಾದ ನನಗೆ, ಮನೆಯ ಪಾಲಿನ ಪಂಚಾಯಿತಿಯಂತೆ ತೋರಿತು.

ದಾರಿಯಲ್ಲಿ ಎಡವುವವರು ಬಡವರೇ ಎಂದೇನೂ ಇಲ್ಲ. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಒಂದು ಸಂಸ್ಥೆ ಎರಡು ಸಾವಿರ ಡಾಲರಿಗಿಂತ ಕಡಿಮೆ ಹಣ ಕಳುಹಿಸಲು ಹೋಗಿ, ತಂತ್ರಾಂಶದ ದೋಷದಿಂದ ಸುಮಾರು 5 ಲಕ್ಷ ಡಾಲರನ್ನು ಕೂಲಿಯಾಗಿ ಕೊಟ್ಟುಬಿಟ್ಟಿತು. ಆ ಪುಟವನ್ನು ಬರೆದ ಮೈನರುಗಳ ತಂಡ ಅದನ್ನು ಹಿಂದಿರುಗಿಸಿತು. ಓದಿ ಸಂತೋಷವಾಯಿತು. ಆದರೆ ಸಂತೋಷದಿಂದ ನನ್ನ ಚೀಟಿ ಕದಲಲಿಲ್ಲ.

ಮಂಗಳವಾರ ಸಂಜೆಯ ಬಸ್ಸಿಗೆ ಬರಿಗೈಯಲ್ಲಿ ಊರಿಗೆ ಹೋದೆ. ದಾರಿಯುದ್ದಕ್ಕೂ ಅವ್ವನಿಗೆ ಹೇಳಬೇಕಾದ ಮಾತುಗಳನ್ನು ಹೊಂದಿಸುತ್ತಿದ್ದೆ. ಬ್ಲಾಕು, ಬೈಟು, ಹಾಲ್ವಿಂಗ್, ಇವನ್ನೆಲ್ಲ ರಾಗಿ ಮುದ್ದೆ ತಿರುವುವ ಅವ್ವನಿಗೆ ಹೇಗೆ ಹೇಳುವುದು? ಒಲೆಯ ಮುಂದೆ ಕುಳಿತು, “ದುಡ್ಡು ಸಿಕ್ಕಾಕೊಂಡೈತೆ ಕಣವ್ವ. ನಂದೇಯ, ಆದ್ರೆ ಈಚೆಗೆ ಬರ್ತಾ ಇಲ್ಲ” ಎಂದಷ್ಟೇ ಹೇಳಿದೆ.

ಅವ್ವ ಕೋಲು ತಿರುವುದನ್ನು ನಿಲ್ಲಿಸಲಿಲ್ಲ. “ಕೂಲಿ ಮಾಡಿದ್ದು ನೀನು ತಾನೆ? ಬತ್ತದೆ ಬಿಡಪ್ಪ. ಕಾಯಾದು ನಮಗೇನು ಹೊಸದಾ?” ಎಂದಳು.

ಆ ಮಾತಿನಲ್ಲಿ ಸಿಟ್ಟಾಗಲಿ ವ್ಯಂಗ್ಯವಾಗಲಿ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಮರುದಿನ ಸೀಮಂತಕ್ಕೆ ಅವಳು ಮದುವೆಯ ಕಾಲದ ಸೀರೆಯುಟ್ಟು, ಸೆರಗನ್ನು ತಲೆಯ ಮೇಲಿಂದ ಎರಡು ಕಿವಿಗಳೂ ಮುಚ್ಚುವಂತೆ ಎಳೆದುಕೊಂಡು ಓಡಾಡಿದಳು. ಏಪ್ರಿಲ್ ತಿಂಗಳ ಆ ಬಿಸಿಲಿನಲ್ಲಿ ಯಾರೂ ಹಾಗೆ ಸೆರಗು ಹೊದ್ದಿರಲಿಲ್ಲ. ಆರತಿಯ ತಟ್ಟೆ ಹಿಡಿದು ಬಗ್ಗಿದಾಗ ಸೆರಗು ಜಾರಿತು. ಬೀಗಿತ್ತಿಯೊಬ್ಬಾಕೆ ಕಡ್ಡಿಯನ್ನು ನೋಡಿದಳು. ನೋಡಿದ್ದನ್ನು ನಾನು ನೋಡಿದೆ. ಆಕೆ ಒಳ್ಳೆಯವಳು, ಏನೂ ಕೇಳಲಿಲ್ಲ. ಅವ್ವ ಸೆರಗನ್ನು ಮತ್ತೆ ಎಳೆದುಕೊಂಡಳು.

ಅಧ್ಯಾಪಕರು ಹೇಳಿದ ಮಾತು ಆಗ ನೆನಪಾಯಿತು. ಬೆಲೆ ಕೊಡಲಾರದವನು ಕಾಲ ಕೊಡಬೇಕು. ಅವರು ಹೇಳಿದ್ದು ಸರಿಯೇ. ಆದರೆ ನಾನು ಕೊಟ್ಟ ಕಾಲ ನನ್ನದಾಗಿರಲಿಲ್ಲ, ಅವ್ವನದಾಗಿತ್ತು. ಅವಳನ್ನು ಕೇಳದೆಯೇ ಅದನ್ನು ಹರಾಜಿನಲ್ಲಿ ಕೂಗಿಬಿಟ್ಟಿದ್ದೆ. ‘ತಾಳಿದವನು ಬಾಳಿಯಾನು’ ಎನ್ನುತ್ತಾರೆ. ತಾಳುವುದಕ್ಕೂ ಒಂದಿಷ್ಟು ಅನುಕೂಲ ಬೇಕು. ಹಣ ನಾಳೆ ಬಂದರೂ ಆದೀತು ಎನ್ನುವವನಿಗೆ ಆ ಜಾಲದಲ್ಲಿ ಎಲ್ಲವೂ ಅಗ್ಗ. ಇಂದೇ ಬೇಕು ಎನ್ನುವವನಿಗೆ ಎಲ್ಲವೂ ತುಟ್ಟಿ. ಇಂದೇ ಬೇಕಾಗಿರುವುದು ಹೆಚ್ಚಾಗಿ ಯಾರಿಗೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಗದ್ದಲ ಇಳಿಯಿತು. ದರಗಳು ದಿನದಿನಕ್ಕೆ ಏರಿಳಿದು, ಕೊನೆಗೆ ಮನುಷ್ಯರ ಅಳತೆಗೆ ಬಂದವು. ಭಾನುವಾರ ವ್ಯಾಪಾರಸ್ಥರ ಓಡಾಟ ಕಡಿಮೆಯಾದ್ದರಿಂದ ಜಗಲಿಯೂ ತೆರವಾಗಿರುವುದು ವಾಡಿಕೆ ಎಂದು ಸಂಗಾತಿ ಹೇಳಿದ್ದ. 28ನೆಯ ತಾರೀಖು ಭಾನುವಾರ ರಾತ್ರಿ ಇಬ್ಬರೂ ಕುಳಿತು ಹಳೆಯ ಚೀಟಿಯ ಬದಲಿಗೆ ಬೈಟಿಗೆ 40 ಸತೋಶಿಯಂತೆ ಹೊಸ ಚೀಟಿ ಬರೆದೆವು. ಮಲಗುವುದಕ್ಕೆ ಮುಂಚೆ ಅದು ಪುಟ ಸೇರಿತು. ಕೂಲಿ 950 ರೂಪಾಯಿಯ ಹತ್ತಿರ. ಮೊದಲ ದಿನವೇ ಸಾಧಾರಣ ದರ ಕೊಟ್ಟಿದ್ದರೆ ಆಗುತ್ತಿದ್ದದ್ದೂ ಹೆಚ್ಚುಕಡಿಮೆ ಅಷ್ಟೆ. ಮಾರಿದಾಗ ಸರ್ಕಾರಕ್ಕೆ ಮುರಿದುಕೊಳ್ಳುವ ಶೇಕಡಾ 1 ಹೋಗಿ, ಕೈಗೆ ಬಂದದ್ದು 9,780 ರೂಪಾಯಿ. ಸಂಘಕ್ಕೆ ಕಟ್ಟಬೇಕಾದದ್ದಕ್ಕೆ ಐನೂರು ಚಿಲ್ಲರೆ ಕಡಿಮೆ. ನಾನು ಬಾಯಿ ತೆರೆಯುವ ಮುಂಚೆಯೇ ಸಂಗಾತಿ ಆರು ನೂರು ರೂಪಾಯಿಯನ್ನು ನನ್ನ ಖಾತೆಗೆ ಕಳುಹಿಸಿದ. ಆ ಸಾವಿರ ರೂಪಾಯಿಯ ಕೂಲಿಯನ್ನು ಮೊದಲ ದಿನವೇ ಕೊಟ್ಟು, ಈ ಆರು ನೂರನ್ನು ಅಂದೇ ಕೇಳಿದ್ದರೆ ಸೀಮಂತದ ದಿನ ಸೆರಗು ಅಷ್ಟು ಮುಂದಕ್ಕೆ ಬರುತ್ತಿರಲಿಲ್ಲ. ಇದು ನನಗೆ ಹೊಳೆದದ್ದು ಬಸ್ಸಿನಲ್ಲಿ, ಓಲೆ ಬಿಡಿಸಿಕೊಳ್ಳಲು ಹೋಗುವಾಗ. ಯಂತ್ರದ ಜಾಲದ ದಾರಿಗಳನ್ನೆಲ್ಲ ಹುಡುಕಿದೆ. ಪಕ್ಕದ ಮಂಚದವನನ್ನು ಕೇಳಲು ಮಾತ್ರ ಮಾನ ಅಡ್ಡ ಬಂತು.

ಅವ್ವ ಕಡ್ಡಿಗಳನ್ನು ತೆಗೆದು ಒಲೆಗೆ ಹಾಕಿ, ಓಲೆಗಳನ್ನು ಸೆರಗಿನಲ್ಲಿ ಒರೆಸಿ ಹಾಕಿಕೊಂಡಳು. “ಹೆಂಗೈತೆ?” ಎಂದು ಕೇಳಿದಳು. ಚೆನ್ನಾಗಿದೆ ಎಂದೆ.

ಈಗ ನಾನು ಅಂತಿಮ ವರ್ಷದಲ್ಲಿದ್ದೇನೆ. ಆ ಕೆಲಸ ಆಗಾಗ ಬರುತ್ತಿರುತ್ತದೆ. ಕಲಿತ ಬುದ್ಧಿಯನ್ನು ಮಿತ್ರರ ಉಪಯೋಗಕ್ಕಾಗಿ ಬರೆದಿಡುತ್ತೇನೆ. ಕಳುಹಿಸುವ ಮುನ್ನ ಜಗಲಿಯ ಮೇಲೆ ಎಷ್ಟು ಜನವಿದ್ದಾರೆಂದು ನೋಡಬೇಕು. ಅದನ್ನು ತೋರಿಸುವ ತಾಣಗಳಿವೆ. ಚಿಲ್ಲರೆ ಕಂತುಗಳಿದ್ದರೆ ಜನವಿಲ್ಲದ ದಿನ ನೋಡಿ ಅವನ್ನು ಒಂದೇ ಗಂಟಾಗಿ ಕಟ್ಟಿಟ್ಟುಕೊಳ್ಳಬೇಕು. ಜಾತ್ರೆಯ ದಿನ ಅದು ಹಗುರವಾಗಿರುತ್ತದೆ. ಕೂಲಿಯನ್ನು ಆಮೇಲೆ ಏರಿಸಲು ಬರುವಂಥ ವ್ಯಾಲೆಟ್ಟನ್ನೇ ಇಟ್ಟುಕೊಳ್ಳಬೇಕು. ಸಣ್ಣ ಮೊತ್ತಗಳಿಗೆ, 2018ರಿಂದ ಬಳಕೆಗೆ ಬಂದಿರುವ ಲೈಟ್ನಿಂಗ್ ಎಂಬ ಒಳದಾರಿಯುಂಟು. ಇಬ್ಬರ ನಡುವೆ ಬಾಯಿಲೆಕ್ಕ ನಡೆಸಿ ಕೊನೆಗೊಮ್ಮೆ ಪುಸ್ತಕದಲ್ಲಿ ಬರೆಸುವಂಥ ಏರ್ಪಾಡು ಅದು. ಈಗ ನನ್ನ ಕೂಲಿ ಅದರಲ್ಲಿಯೇ ಬರುತ್ತದೆ. ಹನ್ನೆರಡು ಪದಗಳನ್ನು ಮಾತ್ರ ಬ್ರಹ್ಮ ಬಂದು ಕೇಳಿದರೂ ಕೊಡಬಾರದು.

ವಿಚಿತ್ರವೆಂದರೆ, 2025ರ ಮಧ್ಯದಲ್ಲಿ ಅದೇ ಜಗಲಿ ಬಿಕೋ ಎನ್ನುತ್ತಿತ್ತು. ಬೈಟೊಂದಕ್ಕೆ ಒಂದು ಸತೋಶಿಗೂ ಕಡಿಮೆ ಕೊಟ್ಟ ಚೀಟಿಗಳು ಪುಟ ಸೇರುತ್ತಿದ್ದವು. ನನ್ನ 450 ಬೈಟಿನ ಗಂಟನ್ನು ಒಂದು ಸತೋಶಿಯಂತೆ ಕಳುಹಿಸಿದ್ದರೆ ರೂಪಾಯಿಗೆ ಐವತ್ತೂ ಆಗುತ್ತಿರಲಿಲ್ಲ. ಅದನ್ನು ನೋಡಿ ನನಗೆ ಸಿಟ್ಟು ಬರಲಿಲ್ಲ. ಹಬ್ಬದ ಮರುದಿನ ನಮ್ಮೂರ ಗಿರಣಿಯ ಮುಂದೆಯೂ ಒಂದು ಡಬ್ಬ ಇರುವುದಿಲ್ಲ. ಆದರೆ ಒಬ್ಬಟ್ಟು ಮಾಡಬೇಕಾದದ್ದು ಹಬ್ಬದ ದಿನವೇ ಅಲ್ಲವೇ?

ಸಂಗಾತಿಯ ಆರು ನೂರು ರೂಪಾಯಿಯನ್ನು ಮುಂದಿನ ತಿಂಗಳು ಹಿಂದಿರುಗಿಸಿದೆ. ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಯುಪಿಐ ಮೂಲಕ ಕಳುಹಿಸಿದೆ. ಲೋಟ ಕೆಳಗಿಡುವಷ್ಟರಲ್ಲಿ ತಲುಪಿತು. “ಕೂಲಿ ಎಷ್ಟು ಹಾಕಿದೆಯೋ?” ಎಂದು ಅವನು ಕೇಳಿದ. ಚಹಾದ ದುಡ್ಡನ್ನು ನಾನೇ ಕೊಟ್ಟೆ.